ದೂರದ ಊರು: ಶಿಕ್ಷೆಯೋ, ಅಮಾನತ್ತೋ?

ಒಬ್ಬ ಯುವಕ ಹುಟ್ಟಿದ ನಾಡನ್ನು ಬಿಟ್ಟು ಬಂದಿದ್ದಾನೆ. ಕೈಯಲ್ಲಿ ಬುತ್ತಿಯಿಲ್ಲ. ಜೊತೆಗೆ ಸಂಗಡಿಗರಿಲ್ಲ. ಬಂದು ತಲುಪಿದ ಊರಿನಲ್ಲಿ ಅವನ ಹೆಸರು ಬಲ್ಲವರು ಒಬ್ಬರೂ ಇಲ್ಲ. ಊರಿನ ಬಾವಿಯ ಬಳಿ ಕುರುಬರು ತಮ್ಮ ಮಂದೆಗಳಿಗೆ ನೀರುಣಿಸುತ್ತಿದ್ದಾರೆ. ಸ್ವಲ್ಪ ದೂರದಲ್ಲಿ ಇಬ್ಬರು ಹೆಣ್ಣುಮಕ್ಕಳು ತಮ್ಮ ಆಡುಗಳನ್ನು ತಡೆದು ಹಿಡಿದುಕೊಂಡು ಕಾಯುತ್ತಿದ್ದಾರೆ. ಯುವಕ ಅವರ ಬಳಿ ಹೋಗಿ ಸಂಗತಿ ಏನೆಂದು ವಿಚಾರಿಸುತ್ತಾನೆ. ಈ ಕುರುಬರೆಲ್ಲ ಹೋಗುವ ತನಕ ತಮಗೆ ನೀರಿಲ್ಲ, ತಂದೆ ಬಹಳ ವೃದ್ಧರು ಎಂದು ಅವರು ಹೇಳುತ್ತಾರೆ. ಯುವಕ ಮರುಮಾತಾಡದೆ ಬಾವಿಯತ್ತ ನಡೆದು ಅವರ ಜಾನುವಾರುಗಳಿಗೆ ನೀರೆತ್ತಿ ಕುಡಿಸುತ್ತಾನೆ. ಆ ಬಳಿಕ ಒಂದು ನೆರಳಿನಲ್ಲಿ ಹೋಗಿ ಕುಳಿತು, ನೀನು ಯಾವ ಒಳಿತನ್ನು ಇಳಿಸಿಕೊಟ್ಟರೂ ನಾನು ಅದರ ಅಗತ್ಯವುಳ್ಳವನು ಎಂಬ ಅರ್ಥದ ಮಾತಿನಲ್ಲಿ ತನ್ನ ಪ್ರಭುವಿನೊಂದಿಗೆ ಮೊರೆಯಿಡುತ್ತಾನೆ.

ಇದು ಪ್ರವಾದಿ ಮೂಸಾ(ಅ)ರವರು ಮದ್‌ಯನಿಗೆ ಬಂದ ದಿನದ ವೃತ್ತಾಂತ. ಪವಿತ್ರ ಕುರ್‌ಆನಿನ ‘ಅಲ್ ಕಸಸ್’ ಅಧ್ಯಾಯದಲ್ಲಿ ಇದರ ವಿವರವಿದೆ. ಇದರಲ್ಲಿ ನಾವು ಗಮನಿಸಬೇಕಾದುದು ಕೆಲಸಗಳ ಕ್ರಮವನ್ನು. ಅವರು ಹಸಿದಿದ್ದರು, ದಣಿದಿದ್ದರು, ಭಯದಲ್ಲಿದ್ದರು. ಆದರೂ ಮೊದಲು ಮಾಡಿದ್ದು ನೀರೆತ್ತುವ ಕೆಲಸ. ನೆರಳಿಗೆ ಹೋದದ್ದು ಆ ಮೇಲೆ. ತಮ್ಮ ಸಂಕಟವನ್ನು ಅವರು ಆ ಹೆಣ್ಣುಮಕ್ಕಳಿಗಾಗಲಿ ಕುರುಬರಿಗಾಗಲಿ ಹೇಳಲಿಲ್ಲ. ಹೇಳಬೇಕಾದವನಿಗೇ ಹೇಳಿದರು.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಅನೇಕ ಮನೆಗಳಿಗೆ ಈಗ ಈ ವೃತ್ತಾಂತದ ಅಗತ್ಯವಿದೆ. ನಮ್ಮ ಮಕ್ಕಳು ಬಿ.ಎಡ್., ಡಿ.ಎಡ್. ಮುಗಿಸಿ, ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ಅಧ್ಯಾಪಕರಾಗುತ್ತಿದ್ದಾರೆ. ಆದೇಶ ಪತ್ರ ಬಂದ ದಿನ ಮನೆಯಲ್ಲಿ ಹಬ್ಬ. ಪತ್ರದಲ್ಲಿರುವ ಊರಿನ ಹೆಸರನ್ನು ಓದಿದಾಗ ಆ ಹಬ್ಬದ ಕಳೆ ಅರ್ಧ ಇಳಿದುಹೋಗುತ್ತದೆ. ಬಂಟ್ವಾಳ, ಪುತ್ತೂರು, ಕುಂದಾಪುರದ ಕಡೆಯ ಒಬ್ಬ ಯುವಕನಿಗೆ ಬಾಗಲಕೋಟೆ ಜಿಲ್ಲೆಯ ಹುನಗುಂದದ ಆಚೆಯ ಒಂದು ಹಳ್ಳಿ ಸಿಕ್ಕಿತೆಂದು ಭಾವಿಸಿರಿ. ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ. ನೆಂಟರು ಬಂದು, “ಅಷ್ಟು ದೂರವೇ? ಎರಡು ವರ್ಷ ಹೇಗಾದರೂ ಕಳೆ, ಆ ಮೇಲೆ ವರ್ಗಾವಣೆ ಮಾಡಿಸಿಕೊಳ್ಳಬಹುದು” ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತದು. ಆದರೆ ಆ ಒಂದು ಮಾತಿನೊಂದಿಗೆ ಹುಡುಗನ ಮನಸ್ಸಿನಲ್ಲಿ ಆ ಹಳ್ಳಿ ಒಂದು ಸೆರೆಮನೆಯಾಗುತ್ತದೆ, ಅಲ್ಲಿನ ಶಾಲೆ ಒಂದು ಬಸ್ ನಿಲ್ದಾಣವಾಗುತ್ತದೆ. ಬಸ್ ನಿಲ್ದಾಣದಲ್ಲಿ ಯಾರೂ ಗಿಡ ನೆಡುವುದಿಲ್ಲ.

ಒಂದೇ ರಸ್ತೆ, ಎರಡು ಪ್ರಯಾಣ

ಹಿಂದೆ 13ನೇ ರಾಷ್ಟ್ರೀಯ ಹೆದ್ದಾರಿ ಎಂದು ಕರೆಯಲಾಗುತ್ತಿದ್ದ ರಸ್ತೆಯೊಂದಿತ್ತು. ಅದು ಸೊಲ್ಲಾಪುರದಿಂದ ಹೊರಟು ವಿಜಯಪುರ, ಹುನಗುಂದ, ಇಳಕಲ್, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳನ್ನು ಹಾದು, ಘಟ್ಟವಿಳಿದು ಮಂಗಳೂರನ್ನು ಸೇರುತ್ತಿತ್ತು. ಈಗ ಹೆದ್ದಾರಿಗಳ ಸಂಖ್ಯೆಗಳು ಬದಲಾಗಿವೆ. ಊರುಗಳು ಅಲ್ಲಿಯೇ ಇವೆ.

ಆ ಕಡೆಯಿಂದ ಈ ಕಡೆಗೆ ಬರುವವರು ಯಾರು? ಕರಾವಳಿಯ ಯಾವ ಊರಿನಲ್ಲಾದರೂ ಬೆಳಗ್ಗೆ ಏಳು ಗಂಟೆಗೆ ಪೇಟೆಗೆ ಹೋಗಿ ನೋಡಿರಿ. ತಲೆಗೆ ಟವೆಲು ಸುತ್ತಿದ ಗಂಡಸರು, ಸೆರಗು ಬಿಗಿದ ಹೆಂಗಸರು, ಕೈಯಲ್ಲಿ ಬುತ್ತಿಯ ಡಬ್ಬಿ, ಗುದ್ದಲಿ ಹಿಡಿದು ಕೆಲಸಕ್ಕೆ ಕರೆಯುವವರನ್ನು ಕಾಯುತ್ತಿರುತ್ತಾರೆ. ಅವರಲ್ಲಿ ಅನೇಕರು ಬಾದಾಮಿ, ಹುನಗುಂದ, ಬಾಗಲಕೋಟೆ, ವಿಜಯಪುರ ಕಡೆಯವರು. ಮಳೆ ಕೈಕೊಟ್ಟ ವರ್ಷ ಅವರ ಸಂಖ್ಯೆ ಹೆಚ್ಚುತ್ತದೆ. ನಮ್ಮ ಮನೆಗಳ ಪಾಯ ತೋಡಿದವರು ಅವರು. ನಮ್ಮ ಮಸೀದಿಗಳ ತಾರಸಿಗೆ ಕಾಂಕ್ರೀಟು ಹೊತ್ತವರೂ ಅವರೇ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿರುತ್ತಾರೆ.

ಆ ಮಕ್ಕಳು ಕುಳಿತಿರುವ ಶಾಲೆಗೇ ನಮ್ಮ ಹುಡುಗನಿಗೆ ಆದೇಶ ಬಂದಿರುವುದು! ಅವರು ಯಾವ ರಸ್ತೆಯಲ್ಲಿ ಇಳಿದು ಬಂದರೋ ಅದೇ ರಸ್ತೆಯಲ್ಲಿ ಇವನು ಹತ್ತಿ ಹೋಗಬೇಕಾಗಿದೆ. ಅವರು ದೂರದ ಊರಿಗೆ ಬಂದಾಗ ಅದು ನಮಗೆ ಸಹಜವೆನಿಸಿತು. ನಮ್ಮ ಮಗ ದೂರದ ಊರಿಗೆ ಹೊರಟಾಗ ಮಾತ್ರ ಅದು ಅನ್ಯಾಯವೆನಿಸುವುದೇಕೆ? ಅವರು ಬಿಸಿಲಿನಲ್ಲಿ ನಿಂತು ದುಡಿದಾಗ ನಾವು ಕೂಲಿ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆವು. ಆದರೆ ಹಣದಿಂದ ಚುಕ್ತಾ ಆಗದ ಋಣಗಳೂ ಇರುತ್ತವೆ. ಅಂತಹ ಒಂದು ಋಣವನ್ನು ತೀರಿಸಲು ಅಲ್ಲಾಹನು ನಮ್ಮ ಮನೆಯ ಒಬ್ಬನನ್ನು ಆರಿಸಿದ್ದಾನೆಂದು ತಿಳಿದರೆ ಆ ಆದೇಶ ಪತ್ರದ ಅಕ್ಷರಗಳು ಬೇರೆಯೇ ಆಗಿ ಕಾಣಿಸುವುವು.

ಮನೆ ಬಿಟ್ಟ ದುಃಖ ತನಗೊಬ್ಬನಿಗೇ ಎಂದು ಹೊಸ ಅಧ್ಯಾಪಕನಿಗೆ ಅನಿಸುವುದು ಸಹಜ. ಆದರೆ ಅವನು ಹೋಗುತ್ತಿರುವ ನಾಡಿನಲ್ಲಿ ‘ಮುಳುಗಡೆ’ ಎಂಬ ಪದ ಪ್ರತಿಯೊಂದು ಮನೆಗೂ ಗೊತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ಅನೇಕ ಓಣಿಗಳನ್ನು ಜನರು ಬಿಡಬೇಕಾಯಿತು. ನವನಗರ ಎಂಬ ಹೊಸ ಪಟ್ಟಣ ಕಟ್ಟಲ್ಪಟ್ಟಿತು. ಹಳ್ಳಿಗೆ ಹಳ್ಳಿಯೇ ಪುನರ್ವಸತಿ ಕೇಂದ್ರಗಳಿಗೆ ಸಾಗಿತು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಬಾದಾಮಿ, ಹುನಗುಂದದ ಕಡೆಯ ಹೊಳೆದಂಡೆಯ ಊರುಗಳ ಜನ ಪಾತ್ರೆ ಪಗಡಿಗಳನ್ನೂ ಬಿಟ್ಟು ಎತ್ತರದ ನೆಲಕ್ಕೆ ಓಡಿದರು. ನೀವು ಬಿಟ್ಟು ಬಂದ ಮನೆ ಅಲ್ಲಿಯೇ ಇದೆ, ರಜೆಯಲ್ಲಿ ಹೋದರೆ ಬಾಗಿಲು ತೆರೆಯುತ್ತದೆ. ಅವರಲ್ಲಿ ಹಲವರು ಹುಟ್ಟಿದ ಮನೆ ನೀರಿನಡಿಯಲ್ಲಿದೆ. ಅವರ ನಡುವೆ ಕುಳಿತು ನಮ್ಮ ಅಗಲಿಕೆಯನ್ನು ದೊಡ್ಡದು ಮಾಡುವ ಮೊದಲು ಇದನ್ನು ನೆನೆದುಕೊಳ್ಳುವುದು ಒಳ್ಳೆಯದು.

ಅಳತೆಯಲ್ಲಿ ಕಡಿತ

ಅಳೆದುಕೊಳ್ಳುವಾಗ ಪೂರ್ತಿ ಪಡೆದು, ಅಳೆದುಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವಿದೆಯೆಂದು ಪವಿತ್ರ ಕುರ್‌ಆನ್ ‘ಅಲ್ ಮುತಫ್ಫಿಫೀನ್’ ಅಧ್ಯಾಯದ ಆರಂಭದಲ್ಲಿಯೇ ಎಚ್ಚರಿಸಿದೆ. ಇದನ್ನು ನಾವು ಸಾಮಾನ್ಯವಾಗಿ ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸುತ್ತೇವೆ. ತಿಂಗಳ ಕೊನೆಗೆ ಪೂರ್ತಿ ವೇತನ ಪಡೆಯುವ ಅಧ್ಯಾಪಕನ ಮುಂದೆಯೂ ಒಂದು ತಕ್ಕಡಿಯಿದೆ.

ದೂರದ ಊರಿನ ಅಧ್ಯಾಪಕನಿಗೆ ಶೈತಾನನು ಒಡ್ಡುವ ಮೊದಲನೆಯ ಬಲೆ ವಾರಾಂತ್ಯ. ಶನಿವಾರ ಒಂದು ಗಂಟೆ ಮೊದಲೇ ಹೊರಟರೆ ಹುಬ್ಬಳ್ಳಿಯ ಬಸ್ಸು ಸಿಗುತ್ತದೆ. ಸೋಮವಾರ ಬಸ್ಸು ತಡವಾಯಿತು, ಅರ್ಧ ಗಂಟೆ ಹೋಯಿತು. “ಯಾರು ಕೇಳುತ್ತಾರೆ? ಎಲ್ಲರೂ ಮಾಡುವುದೇ ಅಲ್ಲವೇ?” ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಲೆಕ್ಕ ಮಾಡಿ ನೋಡೋಣ. ತರಗತಿಯಲ್ಲಿ 40 ಮಕ್ಕಳಿದ್ದರೆ, ಆ ಒಂದೂವರೆ ಗಂಟೆಯಲ್ಲಿ ಕಳೆದುಹೋದದ್ದು ಒಂದೂವರೆ ಗಂಟೆಯಲ್ಲ, ಎಲ್ಲ ಮಕ್ಕಳದ್ದು ಸೇರಿ 60 ಗಂಟೆ. ಅದೂ ಒಂದೇ ವಾರದಲ್ಲಿ. ಪರಲೋಕದಲ್ಲಿ ಈ 40 ಮಂದಿ ಒಬ್ಬೊಬ್ಬರಾಗಿ ತಮ್ಮ ಪಾಲನ್ನು ಕೇಳಿದರೆ ನಾವು ಯಾವ ಬಸ್ಸಿನ ವೇಳಾಪಟ್ಟಿ ತೋರಿಸಬಲ್ಲೆವು? ಆ ಮಕ್ಕಳ ಪೈಕಿ ಹೆಚ್ಚಿನವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ, ಟ್ಯೂಷನ್ ಇಲ್ಲ. ಶಾಲೆಯಲ್ಲಿ ಸಿಗದಿದ್ದುದು ಅವರಿಗೆ ಬೇರೆಲ್ಲಿಯೂ ಸಿಗುವುದಿಲ್ಲ.

ವರ್ಗಾವಣೆ ಬಯಸುವುದು ಪಾಪವೆಂದು ಇದರರ್ಥವಲ್ಲ. ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ಒಂದು ಕಾಯ್ದೆ, ಬಳಿಕ 2020ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. ವೃದ್ಧ ತಂದೆ-ತಾಯಿ, ಅನಾರೋಗ್ಯ, ಬೇರೆ ಊರಿನಲ್ಲಿರುವ ಪತಿ ಅಥವಾ ಪತ್ನಿ - ಇವೆಲ್ಲ ನ್ಯಾಯವಾದ ಕಾರಣಗಳು. ಕಾನೂನು ಕೊಟ್ಟ ಹಕ್ಕನ್ನು ಕಾನೂನಿನ ದಾರಿಯಲ್ಲಿ, ಲಂಚ ಮತ್ತು ಸುಳ್ಳು ಪ್ರಮಾಣಪತ್ರಗಳಿಲ್ಲದೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅರ್ಜಿ ಕಪಾಟಿನಲ್ಲಿರಲಿ, ಮನಸ್ಸು ತರಗತಿಯಲ್ಲಿರಲಿ. ಮೂಸಾ(ಅ)ರವರು ಮದ್‌ಯನಿನಲ್ಲಿ ಎಂಟು ವರ್ಷ ದುಡಿಯುವ ಕರಾರಿಗೆ ಒಪ್ಪಿದ್ದರು. ಹತ್ತು ವರ್ಷ ಪೂರ್ತಿಗೊಳಿಸುವುದು ಅವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅವರು ದೀರ್ಘವಾದ ಅವಧಿಯನ್ನೇ ಪೂರ್ತಿಗೊಳಿಸಿದರೆಂದು ಹ. ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ಕುರಿ ಮೇಯಿಸಿದ ಆ ವರ್ಷಗಳು ವ್ಯರ್ಥವಾದವೇ? ಅಲ್ಲಿಂದ ಕುಟುಂಬದೊಂದಿಗೆ ಹೊರಟ ದಾರಿಯಲ್ಲಿಯೇ ತೂರ್ ಪರ್ವತದ ಬಳಿ ಬೆಂಕಿ ಕಾಣಿಸಿತು, ಪ್ರವಾದಿತ್ವ ದೊರೆಯಿತು.

ಮದೀನಾದ ಪ್ರಥಮ ಅಧ್ಯಾಪಕರು

ಇಸ್ಲಾಮಿನ ಇತಿಹಾಸದಲ್ಲಿ ಊರು ಬಿಟ್ಟು ಕಲಿಸಲು ಹೋದ ಪ್ರಥಮ ಅಧ್ಯಾಪಕರು ಯಾರು? ಹ. ಮುಸ್‌ಅಬ್ ಬಿನ್ ಉಮೈರ್(ರ). ಮಕ್ಕಾದ ಶ್ರೀಮಂತ ಮನೆಯಲ್ಲಿ ಉತ್ತಮ ಉಡುಪು, ಸುಗಂಧಗಳ ನಡುವೆ ಬೆಳೆದ ಯುವಕ ಅವರು. ಸತ್ಯವನ್ನು ಸ್ವೀಕರಿಸಿದಾಗ ಹೆತ್ತ ತಾಯಿಯೇ ಅವರನ್ನು ಮನೆಯಲ್ಲಿ ಕೂಡಿ ಹಾಕಿದಳು. ಕ್ರಿ.ಶ. 621ರಲ್ಲಿ, ಅಕಬಾದ ಪ್ರಥಮ ಪ್ರತಿಜ್ಞೆಯ ನಂತರ, ಯಸ್‌ರಿಬಿನ ಜನರಿಗೆ ಕುರ್‌ಆನ್ ಕಲಿಸಲು ಪ್ರವಾದಿವರ್ಯರು(ಸ) ಅವರನ್ನು ಕಳುಹಿಸಿದರು. ಯಸ್‌ರಿಬ್ ಅವರ ಊರಲ್ಲ. ಅಲ್ಲಿ ಔಸ್ ಮತ್ತು ಖಝ್‌ರಜ್ ಗೋತ್ರಗಳ ನಡುವಿನ ಹಳೆಯ ವೈರ ಇನ್ನೂ ಆರಿರಲಿಲ್ಲ. ಹ. ಅಸ್‌ಅದ್ ಬಿನ್ ಝುರಾರಾ(ರ)ರ ಮನೆಯಲ್ಲಿ ಅತಿಥಿಯಾಗಿದ್ದುಕೊಂಡು ಅವರು ಕಲಿಸತೊಡಗಿದರು.

ಒಂದು ದಿನ ಅವರು ತೋಟವೊಂದರಲ್ಲಿ ಜನರಿಗೆ ಕಲಿಸುತ್ತಿದ್ದಾಗ ಊರಿನ ಮುಖಂಡ ಉಸೈದ್ ಬಿನ್ ಹುದೈರ್ ಈಟಿ ಹಿಡಿದು ಸಿಟ್ಟಿನಿಂದ ಬಂದರು. ನಮ್ಮ ದುರ್ಬಲರನ್ನು ದಾರಿ ತಪ್ಪಿಸಲು ಬಂದಿರುವಿರಾ, ಪ್ರಾಣ ಬೇಕಿದ್ದರೆ ಇಲ್ಲಿಂದ ಹೊರಡಿ ಎಂದು ಗದರಿಸಿದರು. ಹೊಸ ಊರಿನಲ್ಲಿ, ತನ್ನವರಿಲ್ಲದ ಜಾಗದಲ್ಲಿ ಎದುರಿಗೆ ಈಟಿ! ಮುಸ್‌ಅಬ್(ರ) ಏನು ಮಾಡಿದರು? ಸ್ವಲ್ಪ ಕುಳಿತು ಕೇಳಬಾರದೇ, ಹಿಡಿಸಿದರೆ ಸ್ವೀಕರಿಸಿರಿ, ಹಿಡಿಸದಿದ್ದರೆ ನಾವು ನಿಲ್ಲಿಸುತ್ತೇವೆ ಎಂದು ಮೃದುವಾಗಿ ಕೇಳಿಕೊಂಡರು. ಇದು ನ್ಯಾಯದ ಮಾತು ಎಂದು ಉಸೈದ್ ಈಟಿಯನ್ನು ನೆಲಕ್ಕೂರಿ ಕುಳಿತರು. ಅವರು ಅಲ್ಲಿಂದ ಎದ್ದಾಗ ಸತ್ಯವಿಶ್ವಾಸಿಯಾಗಿದ್ದರು. ಮುಂದಿನ ಹಜ್ಜ್‌ನ ಕಾಲಕ್ಕೆ ಯಸ್‌ರಿಬಿನಿಂದ ಎಪ್ಪತ್ತಕ್ಕೂ ಹೆಚ್ಚು ಮಂದಿ ಪ್ರವಾದಿವರ್ಯರನ್ನು(ಸ) ಭೇಟಿಯಾಗಲು ಬಂದರು. ಆ ಅಧ್ಯಾಪಕರು ಮುಂದೆ ಉಹುದ್ ಯುದ್ಧದಲ್ಲಿ ಹುತಾತ್ಮರಾದಾಗ, ತಲೆ ಮುಚ್ಚಿದರೆ ಕಾಲು ಕಾಣುವಷ್ಟು ಚಿಕ್ಕ ಬಟ್ಟೆಯೇ ಅವರ ಕಫನ್ ಆಗಿತ್ತು.

ಮುಸ್‌ಅಬ್(ರ)ರ ಜೊತೆಗೆ ಮದೀನಾದಲ್ಲಿ ಕಲಿಸಿದ ಇನ್ನೊಬ್ಬರು ಹ. ಇಬ್ನು ಉಮ್ಮಿ ಮಕ್‌ತೂಮ್(ರ). ಕಣ್ಣು ಕಾಣದವರು. ಹಿಂದೊಮ್ಮೆ ಮಕ್ಕಾದ ಪ್ರಮುಖರೊಂದಿಗೆ ಮಾತುಕತೆ ನಡೆಯುತ್ತಿದ್ದಾಗ ಕಲಿಯುವ ಹಂಬಲದಿಂದ ಮಧ್ಯೆ ಬಂದ ಇವರೆಡೆಗೆ ತಕ್ಷಣ ಗಮನ ಕೊಡಲಾಗದೆ ಹೋದುದಕ್ಕೆ ‘ಅಬಸ’ ಅಧ್ಯಾಯದ ವಚನಗಳು ಅವತೀರ್ಣಗೊಂಡವು. ತರಗತಿಯ ಕೊನೆಯ ಸಾಲಿನಲ್ಲಿ ಕುಳಿತ, ಚುರುಕಾಗಿ ಉತ್ತರಿಸದ, ಹರಿದ ಅಂಗಿಯ ಮಗುವನ್ನು ದಾಟಿ ಮುಂದಿನ ಸಾಲಿನ ಜಾಣರನ್ನೇ ನೋಡಿ ಪಾಠ ಮಾಡುವ ಪ್ರತಿಯೊಬ್ಬ ಅಧ್ಯಾಪಕನೂ ಈ ಅಧ್ಯಾಯವನ್ನು ತನಗೇ ಹೇಳಿದ್ದೆಂದು ಓದಬೇಕು. ಯಾವ ಮಗು ನಾಳೆ ಯಾವ ಊರಿಗೆ ಅಧ್ಯಾಪಕನಾಗುವುದೋ ನಮಗೇನು ಗೊತ್ತು?

ಮಾತು, ಊಟ, ನಮಾಝ್

ಹೊಸ ಊರಿನಲ್ಲಿ ಮೊದಲ ವಾರ ಕಾಡುವುದು ದೊಡ್ಡ ಸಮಸ್ಯೆಗಳಲ್ಲ, ಸಣ್ಣ ಸಂಗತಿಗಳು. ಕುಚ್ಚಿಲಕ್ಕಿ ಗಂಜಿ, ಮೀನಿನ ಸಾರಿಗೆ ಒಗ್ಗಿದ ನಾಲಿಗೆಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೊಸದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆಯಿಂದ ಆರುನೂರು ಮಿಲಿಮೀಟರ್ ಬಿದ್ದರೆ ಸಂತೋಷಪಡುವ ಕಡೆಗೆ ಹೋದವನಿಗೆ ನೀರಿನ ಕೊಡವೇ ಮೊದಲ ಪಾಠ. ವುಝೂ ಮಾಡುವಾಗ ನೀರು ಪೋಲು ಮಾಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆಯ ಅರ್ಥ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಆ ಮೇಲೆ ಮಾತು. “ಕುಳಿತುಕೊಳ್ಳಿ ಮಕ್ಕಳೇ” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದರೆ ಹಿಂದಿನ ಸಾಲಿನಲ್ಲಿ ನಗು. “ಸರ, ನಿಮ್ಮೂರು ಯಾವುದ್ರಿ?” ಎಂದು ಮಗು ಕೇಳುತ್ತದೆ. ಇಲ್ಲಿ ಎರಡು ದಾರಿಗಳಿವೆ. ನನ್ನದು ಶುದ್ಧ ಕನ್ನಡ, ನಿಮ್ಮದು ಒರಟು ಎಂದು ಮುಖ ಗಂಟಿಕ್ಕಬಹುದು. ಅಥವಾ ಅವರ ನಗುವಿನಲ್ಲಿ ಪಾಲುಗೊಂಡು, ಅವರಿಂದ ನಾಲ್ಕು ಮಾತು ಕಲಿಯಬಹುದು. ಅಲ್ಲಾಹನು ಪ್ರತಿಯೊಬ್ಬ ಸಂದೇಶವಾಹಕನನ್ನೂ ಅವನ ಜನಾಂಗದ ಭಾಷೆಯಲ್ಲಿಯೇ ಕಳುಹಿಸಿದನೆಂದು ಕುರ್‌ಆನ್ ತಿಳಿಸುತ್ತದೆ. ಇನ್ನು ಒರಟು ಎನ್ನುವ ಆ ಕನ್ನಡದ ವಿಷಯ. ಬಾದಾಮಿಯಲ್ಲಿ ಕೆರೆಯ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಆಸುಪಾಸಿನದೆಂದು ವಿದ್ವಾಂಸರು ಹೇಳುವ ಆ ಶಾಸನದಲ್ಲಿ ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳಿವೆ. ಅಂದರೆ ಸುಮಾರು 1300 ವರ್ಷಗಳ ಹಿಂದೆಯೇ ಕನ್ನಡದಲ್ಲಿ ಪದ್ಯ ಕೆತ್ತಿಸಿದ ನೆಲವದು. ಹುನಗುಂದ ಸೀಮೆಯ ಕೂಡಲಸಂಗಮದ ಹೆಸರು ಕೇಳಿದರೆ ವಚನಗಳು ನೆನಪಾಗುತ್ತವೆ, ದುಡಿಮೆಯ ಪ್ರಾಮಾಣಿಕತೆಯನ್ನು ‘ಕಾಯಕ’ ಎಂಬ ಒಂದೇ ಪದದಲ್ಲಿ ಹೇಳುವ ಜನರವರು. ಬಾಗಲಕೋಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಲು 1906ರಲ್ಲಿಯೇ ಅಲ್ಲಿನ ಜನ ಸಂಘ ಕಟ್ಟಿಕೊಂಡಿದ್ದರು. ಕತ್ತಲೆಗೆ ದೀಪ ಒಯ್ಯುತ್ತಿದ್ದೇನೆಂಬ ಭಾವನೆಯಿಂದ ಅಲ್ಲಿಗೆ ಹೋಗಬೇಡಿ. ಕಲಿಸುವಷ್ಟೇ ಕಲಿಯುವುದೂ ಅಲ್ಲಿದೆ.

ನಮಾಝ್‌ನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಕರಾವಳಿಯ ನಮ್ಮವರಲ್ಲಿ ಹೆಚ್ಚಿನವರು ಶಾಫಿಈ ಮಝ್‌ಹಬಿನವರು. ಇಳಕಲ್, ಬಾಗಲಕೋಟೆಯ ಕಡೆ ಹನಫೀ ಮಝ್‌ಹಬಿನವರೇ ಹೆಚ್ಚು. ಅಲ್ಲಿ ಅಸರ್ ಅಝಾನ್ ತಡವಾಗಿ ಕೇಳಿಸುತ್ತದೆ, ಫಜ್ರ್‌ನಲ್ಲಿ ಕುನೂತ್ ಇರುವುದಿಲ್ಲ, ಜುಮಾದ ಬಯಾನ್ ಉರ್ದುವಿನಲ್ಲಿರುತ್ತದೆ. ಬಂದ ಎರಡನೆಯ ದಿನವೇ ಮಸೀದಿಯ ಮೂಲೆಯಲ್ಲಿ ಇದರ ಚರ್ಚೆ ತೆಗೆಯುವ ಉತ್ಸಾಹಿಗಳೂ ನಮ್ಮಲ್ಲಿದ್ದಾರೆ. ಹ. ಉಸ್ಮಾನ್(ರ)ರವರು ಮಿನಾದಲ್ಲಿ ಕಸ್ರ್ ಮಾಡದೆ ನಾಲ್ಕು ರಕ್‌ಅತ್ ನಮಾಝ್ ಮಾಡಿಸಿದಾಗ ಹ. ಇಬ್ನು ಮಸ್‌ಊದ್(ರ)ರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆದರೂ ಅವರು ಜೊತೆಯಲ್ಲಿ ನಾಲ್ಕು ರಕ್‌ಅತ್ ನಿರ್ವಹಿಸಿದರು. ಕೇಳಿದವರಿಗೆ, ಭಿನ್ನತೆ ಕೆಡುಕು ಎಂದು ಉತ್ತರಿಸಿದರು. ಸಫ್ಫ್‌ನಲ್ಲಿ ಹೆಗಲಿಗೆ ಹೆಗಲು ಸೇರಿಸಿ ನಿಂತರೆ ಸಾಕು, ಒಂದು ತಿಂಗಳಲ್ಲಿ ನೀವು ಆ ಊರಿನವರಾಗುವಿರಿ.

ಗದರಿಸದ ಗುರು

ಹ. ಮುಆವಿಯಾ ಬಿನ್ ಹಕಮ್(ರ) ಎಂಬ ಸಹಾಬಿಯೊಬ್ಬರಿದ್ದರು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು. ನಮಾಝ್ ನಡೆಯುತ್ತಿದ್ದಾಗ ಯಾರೋ ಸೀನಿದರು. ಇವರು ಅದಕ್ಕೆ ನಮಾಝ್‌ನಲ್ಲಿಯೇ ಗಟ್ಟಿಯಾಗಿ ಹಾರೈಕೆಯ ಮಾತು ಹೇಳಿಬಿಟ್ಟರು. ಜನರೆಲ್ಲ ದುರುಗುಟ್ಟಿ ನೋಡಿದರು, ಸುಮ್ಮನಿರುವಂತೆ ತೊಡೆ ತಟ್ಟಿದರು. ನಮಾಝ್ ಮುಗಿದ ಮೇಲೆ ಪ್ರವಾದಿವರ್ಯರು(ಸ) ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ನಮಾಝ್ ಜನರ ಮಾತುಕತೆಗೆ ಇರುವುದಲ್ಲ, ಅಲ್ಲಾಹನ ಸ್ತುತಿಗೆ ಮತ್ತು ಕುರ್‌ಆನ್ ಪಾರಾಯಣಕ್ಕೆ ಇರುವುದೆಂದು ತಿಳಿಸಿಕೊಟ್ಟರು. ಇದಕ್ಕಿಂತ ಉತ್ತಮ ಅಧ್ಯಾಪಕರನ್ನು ತಾನು ಮುಂಚೆಯೂ ನಂತರವೂ ಕಂಡಿಲ್ಲವೆಂದು ಆ ಸಹಾಬಿ ಮುಂದೆ ನೆನಪಿಸಿಕೊಂಡಿದ್ದಾರೆ.

ಹೊಸ ಅಧ್ಯಾಪಕನಿಗೆ ಕೋಪ ಬೇಗ ಬರುತ್ತದೆ. ಅದರಲ್ಲಿ ಅರ್ಧ ಮಕ್ಕಳ ಮೇಲಿನದಲ್ಲ, ತನ್ನ ಒಂಟಿತನದ ಮೇಲಿನದು. ರಾತ್ರಿ ನಿದ್ದೆ ಬಂದಿಲ್ಲ, ಮನೆಯಿಂದ ಫೋನ್ ಬಂದಿಲ್ಲ, ಊಟ ಸೇರಿಲ್ಲ; ಬೆಳಗ್ಗೆ ಆ ಸಿಟ್ಟು ಮಗ್ಗಿ ತಪ್ಪಿದ ಒಬ್ಬ ಹುಡುಗನ ಬೆನ್ನಿನ ಮೇಲೆ ಇಳಿಯುತ್ತದೆ. ಆ ಹುಡುಗ ಬಹುಶಃ ಬೆಳಗ್ಗೆ ಐದು ಗಂಟೆಗೆದ್ದು ಮಗ್ಗದ ಬಳಿ ಕುಳಿತು ಕಂಡಿಕೆ ಸುತ್ತಿ ಬಂದವನಿರಬಹುದು. ಅವನ ತಾಯಿ ಮಂಗಳೂರಿನ ಯಾವುದೋ ಕಟ್ಟಡದಲ್ಲಿ ಮರಳು ಹೊರುತ್ತಿರಬಹುದು. ತಾಯಿಯಿಂದ ದೂರವಿರುವ ಇಬ್ಬರು ಒಂದೇ ಕೋಣೆಯಲ್ಲಿದ್ದಾರೆ: ಒಬ್ಬನ ಕೈಯಲ್ಲಿ ಬೆತ್ತವಿದೆ, ಇನ್ನೊಬ್ಬನ ಕೈಯಲ್ಲಿ ಸ್ಲೇಟು. ಮುಆದ್(ರ) ಮತ್ತು ಅಬೂ ಮೂಸಾ(ರ)ರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿವರ್ಯರು(ಸ) ನೀಡಿದ ಉಪದೇಶದ ಸಾರ ಇಷ್ಟೇ: ಸುಲಭಗೊಳಿಸಿರಿ, ಕಷ್ಟಗೊಳಿಸಬೇಡಿರಿ, ಶುಭವಾರ್ತೆ ನೀಡಿರಿ, ಜನರನ್ನು ದೂರ ಓಡಿಸಬೇಡಿರಿ. ಯಾವ ತರಬೇತಿ ಕಾಲೇಜಿನಲ್ಲಿಯೂ ಇದಕ್ಕಿಂತ ಹೆಚ್ಚಿನದನ್ನು ಕಲಿಸಲಾರರು.

ಮನೆಯ ನೆನಪು ಪಾಪವಲ್ಲ

ಹಾಗೆಂದು ಮನೆ ನೆನಪಾಗಬಾರದೆಂದು ಇಸ್ಲಾಮ್ ಹೇಳುವುದಿಲ್ಲ. ಮದೀನಾಕ್ಕೆ ಹಿಜ್‌ರತ್ ಮಾಡಿದ ಆರಂಭದಲ್ಲಿ ಹ. ಅಬೂಬಕರ್(ರ) ಮತ್ತು ಹ. ಬಿಲಾಲ್(ರ) ಜ್ವರದಿಂದ ಮಲಗಿದರು. ಬಿಲಾಲ್(ರ)ರಿಗೆ ಮಕ್ಕಾದ ಕಣಿವೆ, ಅಲ್ಲಿನ ಹುಲ್ಲು, ನೀರಿನ ತಾಣ, ಬೆಟ್ಟಗಳು ನೆನಪಾದವು. ಗುಲಾಮಗಿರಿಯ ಹಿಂಸೆಯನ್ನು ಕೊಟ್ಟ ಊರೇ ಅದು, ಆದರೂ ನೆನಪಾಯಿತು. ಇದನ್ನು ತಿಳಿದ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಮಕ್ಕಾವನ್ನು ನಮಗೆ ಪ್ರಿಯಗೊಳಿಸಿದಂತೆ, ಅಥವಾ ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ಪ್ರಿಯಗೊಳಿಸೆಂದು ಅಲ್ಲಾಹನೊಂದಿಗೆ ಪ್ರಾರ್ಥಿಸಿದರು. ದೂರದ ಊರಿಗೆ ಹೋದ ಪ್ರತಿಯೊಬ್ಬ ಅಧ್ಯಾಪಕ, ಅಧ್ಯಾಪಕಿಯೂ ಮೊದಲ ರಾತ್ರಿ ಮಾಡಬೇಕಾದ ದುಆ ಇದು. ನನ್ನನ್ನು ಬೇಗ ಊರಿಗೆ ಕಳುಹಿಸು ಎನ್ನುವ ಮೊದಲು, ಈ ಊರನ್ನು ನನಗೆ ಪ್ರಿಯಗೊಳಿಸು ಎಂದು ಕೇಳಿರಿ.

ಹ. ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಸಂಗಡಿಗರು ಸಮವಯಸ್ಕ ಯುವಕರು. ಕಲಿಯಲೆಂದು ಬಂದು ಪ್ರವಾದಿವರ್ಯರ(ಸ) ಬಳಿ ಇಪ್ಪತ್ತು ರಾತ್ರಿ ತಂಗಿದರು. ಅವರಿಗೆ ಮನೆಯ ಹಂಬಲವಾಗಿದೆಯೆಂದು ಪ್ರವಾದಿವರ್ಯರು(ಸ) ಅವರು ಬಾಯಿಬಿಡುವ ಮುಂಚೆಯೇ ಅರಿತುಕೊಂಡರು. ಮನೆಯಲ್ಲಿ ಯಾರು ಯಾರಿದ್ದಾರೆಂದು ವಿಚಾರಿಸಿದರು. ಊರಿಗೆ ಹೋಗಿ ನಿಮ್ಮವರಿಗೆ ಕಲಿಸಿರೆಂದು ಕಳುಹಿಸಿಕೊಟ್ಟರು. ಶಾಲೆಗಳ ಮುಖ್ಯೋಪಾಧ್ಯಾಯರೂ ಹಿರಿಯ ಸಹೋದ್ಯೋಗಿಗಳೂ ಗಮನಿಸಬೇಕಾದ ಸಂಗತಿಯಿದು. ಹೊಸದಾಗಿ ಬಂದ ಹುಡುಗಿಯೊಬ್ಬಳು ಸಿಬ್ಬಂದಿ ಕೋಣೆಯ ಮೂಲೆಯಲ್ಲಿ ಒಬ್ಬಳೇ ಬುತ್ತಿ ಬಿಚ್ಚಿ ಕುಳಿತಿದ್ದರೆ, “ಮನೆಯಲ್ಲಿ ಯಾರು ಯಾರಿದ್ದಾರಮ್ಮಾ?” ಎಂದು ಕೇಳಲು ಯಾವ ಸುತ್ತೋಲೆಯೂ ಬರಬೇಕಾಗಿಲ್ಲ.

ಮನೆಯವರಿಗೂ ಆ ಊರಿನವರಿಗೂ

ಹ. ಮುಆದ್(ರ)ರನ್ನು ಯಮನ್‌ಗೆ ಬೀಳ್ಕೊಡುವಾಗ ಮುಆದ್(ರ) ವಾಹನದ ಮೇಲಿದ್ದರು, ಪ್ರವಾದಿವರ್ಯರು(ಸ) ಪಕ್ಕದಲ್ಲಿ ನಡೆಯುತ್ತಾ ಉಪದೇಶಿಸುತ್ತಿದ್ದರು. ಮುಂದಿನ ವರ್ಷ ನಾವು ಭೇಟಿಯಾಗದಿರಬಹುದೆಂದು ತಿಳಿಸಿದಾಗ ಮುಆದ್(ರ) ಅತ್ತರು. ಆದರೂ ಪ್ರಯಾಣ ನಿಲ್ಲಲಿಲ್ಲ. ಹೆತ್ತವರೇ, ನೀವೂ ಹೀಗೆಯೇ ಬೀಳ್ಕೊಡಿರಿ. ಬಸ್ಸಿನ ತನಕ ನಡೆಯಿರಿ, ಕಣ್ಣೀರು ಬಂದರೆ ಬರಲಿ. ಆದರೆ ದಿನವೂ ಫೋನಿನಲ್ಲಿ, “ಅಲ್ಲಿ ಏನಿದೆ ಮಗಾ, ಬೇಗ ಬಂದುಬಿಡು” ಎಂದು ಹೇಳಿ ಅವರ ಕಾಲನ್ನು ಎಳೆಯಬೇಡಿರಿ. “ಇವತ್ತು ಮಕ್ಕಳಿಗೆ ಏನು ಕಲಿಸಿದೆ?” ಎಂದು ಕೇಳಿರಿ. ಹೆಣ್ಣುಮಕ್ಕಳ ವಿಷಯದಲ್ಲಿ ಸುರಕ್ಷಿತ ವಸತಿ, ಒಳ್ಳೆಯ ನೆರೆಹೊರೆಯನ್ನು ನೋಡಿಕೊಡುವುದು ಮನೆಯವರ ಹೊಣೆ. ಸಾಧ್ಯವಿದ್ದರೆ ಮೊದಲ ಕೆಲವು ವಾರ ತಾಯಿಯೋ ತಂದೆಯೋ ಜೊತೆಗಿರಲಿ. ಆದರೆ ಭಯದ ಹೆಸರಿನಲ್ಲಿ ಅವರ ಕಲಿಸುವ ಯೋಗ್ಯತೆಯನ್ನು ಹೂತುಹಾಕಬೇಡಿರಿ. ಹ. ಶಿಫಾ ಬಿನ್ತ್ ಅಬ್ದುಲ್ಲಾ(ರ) ಎಂಬ ಮಹಿಳೆ ಸತ್ಯವಿಶ್ವಾಸಿಗಳ ಮಾತೆ ಹ. ಹಫ್ಸಾ(ರ)ರಿಗೆ ಬರಹ ಕಲಿಸಿದ್ದರು.

ಇನ್ನು ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆಯ ಸಹೋದರರಿಗೆ ಒಂದು ಮಾತು. ಮುಸ್‌ಅಬ್(ರ)ರ ಯಶಸ್ಸನ್ನು ಹೊಗಳುವ ನಾವು ಅವರಿಗೆ ಬಾಗಿಲು ತೆರೆದ ಅಸ್‌ಅದ್ ಬಿನ್ ಝುರಾರಾ(ರ)ರನ್ನು ಮರೆಯುತ್ತೇವೆ. ಅಪರಿಚಿತ ಊರಿನಲ್ಲಿ ಒಂಟಿ ಅಧ್ಯಾಪಕನಿಗೆ ಬಾಡಿಗೆ ಕೋಣೆ ಸಿಗುವುದು ಸುಲಭವಲ್ಲ. ಅಧ್ಯಾಪಕಿಗಂತೂ ಇನ್ನೂ ಕಷ್ಟ. ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಬಂದ ಮಾಸ್ತರರಿಗೆ, ಅಕ್ಕೋರಿಗೆ ಒಂದು ಕೋಣೆ, ಶುಕ್ರವಾರದ ಒಂದು ಊಟ, ಜ್ವರ ಬಂದಾಗ ಬಾಗಿಲು ತಟ್ಟುವ ಒಂದು ಕೈ - ಇಷ್ಟು ಸಾಕು. ಅವರು ಯಾವ ಧರ್ಮದವರೇ ಆಗಿರಲಿ, ಯಾವ ಜಿಲ್ಲೆಯವರೇ ಆಗಿರಲ‌ಿ, ಅವರು ನಿಮ್ಮ ಅತಿಥಿಗಳು. ಹಾಗೆಯೇ ಕರಾವಳಿಯ ಶಾಲೆಗಳಲ್ಲಿ ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಪಾಠ ಹೇಳುತ್ತಿರುವ ಎಷ್ಟೋ ಅಧ್ಯಾಪಕರಿದ್ದಾರೆ. ಅವರ ಮಾತಿನ ಧಾಟಿಯನ್ನು ನಕಲು ಮಾಡಿ ನಗುವ ನಮ್ಮ ಮಕ್ಕಳನ್ನು ತಿದ್ದುವುದು ನಮ್ಮ ಕರ್ತವ್ಯ.

ಇಳಕಲ್ ಸೀರೆಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅದರ ಒಡಲಿನ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ನೇಕಾರನು ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಕೊಂಡಿಯಾಗಿ ಕೈಯಿಂದಲೇ ಜೋಡಿಸುತ್ತಾನೆ. ಬೇಸರದ ಕೆಲಸ, ತಾಳ್ಮೆಯ ಕೆಲಸ. ಒಮ್ಮೆ ಜೋಡಿಸಿದ ಬಳಿಕ ಮಾತ್ರ ನೇಯ್ಗೆ ಸಾಗುತ್ತದೆ, ಅದು ಒಂದೇ ಸೀರೆಯಾಗುತ್ತದೆ. ದೂರದ ಊರಿಗೆ ಹೋದ ಅಧ್ಯಾಪಕನ ಮೊದಲ ತಿಂಗಳುಗಳ ಕೆಲಸವೂ ಇಷ್ಟೇ. ಹಾಜರಿ ಪುಸ್ತಕದ ಪ್ರತಿಯೊಂದು ಹೆಸರನ್ನೂ ಬಾಯಿಪಾಠ ಮಾಡುವುದು ಒಂದು ಕೊಂಡಿ. ಗೈರುಹಾಜರಾದ ಮಗುವಿನ ಮನೆಗೆ ಸಂಜೆ ಹೋಗಿ ವಿಚಾರಿಸುವುದು ಇನ್ನೊಂದು ಕೊಂಡಿ. ಅಲ್ಲಿನ ಅಜ್ಜಿ ಕೊಟ್ಟ ಅರ್ಧ ರೊಟ್ಟಿಯನ್ನು ಸಂತೋಷದಿಂದ ತಿನ್ನುವುದು ಮತ್ತೊಂದು.

ಎಂದಾದರೊಂದು ದಿನ ವರ್ಗಾವಣೆಯ ಪತ್ರ ಬಂದೇ ಬರುತ್ತದೆ. ಅಂದು ಬಸ್ಸು ಹತ್ತುವಾಗ ನಾನು ಬಿಡುಗಡೆಗೊಂಡೆ ಎನಿಸದೆ, ನಾನು ಒಪ್ಪಿಸಬೇಕಾದುದನ್ನು ಒಪ್ಪಿಸಿದೆ ಎನಿಸಿದರೆ ಆ ಅಮಾನತ್ತು ಸಂದಾಯವಾಯಿತೆಂದು ತಿಳಿಯಿರಿ.

ಊರು ಬಿಟ್ಟು ಕಲಿಸಲು ಹೊರಟಿರುವ ನಮ್ಮೆಲ್ಲ ಮಕ್ಕಳ ಹೃದಯಗಳಿಗೆ ಅಲ್ಲಾಹನು ನೆಮ್ಮದಿಯನ್ನು ನೀಡಲಿ. ಅವರು ತಲುಪಿದ ಊರನ್ನು ಅವರಿಗೂ, ಅವರನ್ನು ಆ ಊರಿಗೂ ಪ್ರಿಯಗೊಳಿಸಲಿ. ಆಮೀನ್.